ರೇಡಿಯೇಟರ್‌ಗೆ ಬರೀ ನೀರು ಸಾಕೇ? ಹಳೇ ಕಾರು ಕೊಳ್ಳುವ ಮುನ್ನ ಓದಿ

“ಕೂಲಂಟ್ ಬೇಕಿರುವುದು ಹಿಮ ಬೀಳುವ ದೇಶಗಳಿಗೆ. ನಮಗೆ ನಲ್ಲಿ ನೀರೇ ಸಾಕು, ಬಣ್ಣದ ನೀರಿಗೆ ದುಡ್ಡು ಸುರಿಯಬೇಡಿ.” ಹಳೇ ಕಾರು ಇಟ್ಟುಕೊಂಡವರ ನಡುವೆ ಈ ಮಾತು ಆಗಾಗ ತಿರುಗುತ್ತಿರುತ್ತದೆ. ಇದು ಅರ್ಧ ನಿಜ, ತೊಂದರೆ ಇರುವುದೇ ಅಲ್ಲಿ.

ಶಾಖವನ್ನು ಹೊತ್ತೊಯ್ಯುವುದರಲ್ಲಿ ಕೂಲಂಟ್ ಮಿಶ್ರಣಕ್ಕಿಂತ ಬರೀ ನೀರೇ ಮುಂದು. ನೀರು ಹೆಪ್ಪುಗಟ್ಟದಂತೆ ತಡೆಯುವುದು ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್‌ನ ಒಂದು ಕೆಲಸ. ಬಳ್ಳಾರಿಯ ಬಿಸಿಲಲ್ಲಿ ಅದರ ಅಗತ್ಯವಿಲ್ಲ, ಒಪ್ಪೋಣ. ಆದರೆ ಕೂಲಂಟ್‌ನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳೂ ಇರುತ್ತವೆ, ನಮಗೆ ಬೇಕಿರುವುದು ಅವು. ಎಂಜಿನ್ನಿನಲ್ಲಿ ನೀರು ಹರಿಯುವ ಜಾಗಗಳಲ್ಲಿ ಕಬ್ಬಿಣ, ಅಲ್ಯುಮಿನಿಯಂ ಎರಡೂ ಇರಬಹುದು. ಬರೀ ನೀರು ಅವನ್ನು ನಿಧಾನವಾಗಿ ತಿನ್ನುತ್ತದೆ. ಬೋರ್‌ವೆಲ್ ನೀರಾದರೆ ಇನ್ನೂ ಕೆಟ್ಟದು. ನಿಮ್ಮ ಮನೆಯ ಗೀಸರ್ ಕಾಯಿಲ್ ಮೇಲೆ ಕೂರುವ ಬಿಳಿ ಪದರ ನೋಡಿದ್ದೀರಲ್ಲ, ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟಿಕೊಳ್ಳುತ್ತದೆ.

ನಾನು ಕೊಂಡ ಸೆಕೆಂಡ್ ಹ್ಯಾಂಡ್ ಕಾರಿನ ಹಿಂದಿನ ಮಾಲೀಕರು ಮಾಡಿದ್ದೂ ಈ ಉಳಿತಾಯವನ್ನೇ. ಊರೊಳಗೆ ಏನೂ ಗೊತ್ತಾಗಲಿಲ್ಲ. ಶಿರಾಡಿ ಘಾಟಿ ಏರುವಾಗ ಮುಳ್ಳು ಕೆಂಪಿಗೆ ಹೋಯಿತು. ‘ಇನ್ನೊಂದು ತಿರುವು ತಾನೇ’ ಎಂದು ಓಡಿಸಿದೆ, ಅದು ನನ್ನದೇ ತಪ್ಪು. ಅತಿ ಬಿಸಿಗೆ ಎಂಜಿನ್ ಹೆಡ್ ಸೊಟ್ಟಗಾಗಿ, ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಕಾರಿಗೆ ಕೊಟ್ಟ ಹಣದ ಕಾಲು ಭಾಗ ರಿಪೇರಿಗೇ ಹೋಯಿತು.

ಎಂಜಿನ್ ಬಿಸಿಯಾದಾಗ ಕ್ಯಾಪ್ ತೆಗೆದು ತಣ್ಣೀರು ಸುರಿಯಿರಿ ಎಂಬ ಸಲಹೆಯಂತೂ ಪೂರಾ ಅಪಾಯಕಾರಿ. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರ್ ಮಾತ್ರ ಪ್ರೆಶರ್ ಕುಕ್ಕರ್ ಇದ್ದಂತೆ: ಒಳಗಿನ ಒತ್ತಡದಿಂದಾಗಿ 100 ಡಿಗ್ರಿ ದಾಟಿದರೂ ನೀರು ಕುದಿಯದೆ ಇರಬಲ್ಲದು. ಕ್ಯಾಪ್ ತೆಗೆದ ಕ್ಷಣ ಒತ್ತಡ ಇಳಿದು ನೀರು ಆವಿಯಾಗಿ ಮುಖಕ್ಕೇ ಚಿಮ್ಮುತ್ತದೆ. ಕಾದ ಲೋಹಕ್ಕೆ ಒಮ್ಮೆಲೇ ತಣ್ಣೀರು ತಾಗಿದರೆ ಬಿರುಕು ಬಿಡಲೂಬಹುದು. ಮುಳ್ಳು ಏರಿದರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ (ಸೆಕೆಯಾಗುತ್ತದೆ, ಆದರೆ ಎಂಜಿನ್ನಿನ ಶಾಖ ಸ್ವಲ್ಪ ಹೊರಗೆ ಬರುತ್ತದೆ), ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಕನಿಷ್ಠ ಅರ್ಧ ಗಂಟೆ ಕ್ಯಾಪ್ ಮುಟ್ಟಬೇಡಿ. ಆಮೇಲೂ ಅದು ಕೈಗೆ ಬಿಸಿ ಎನಿಸಿದರೆ ಇನ್ನಷ್ಟು ಕಾಯಿರಿ.

ಕೊಳ್ಳುವವರು ಕಾರು ನೋಡಲು ಬೆಳಗ್ಗೆ, ಎಂಜಿನ್ ತಣ್ಣಗಿರುವಾಗಲೇ ಹೋಗಿ. ರೇಡಿಯೇಟರ್ ಕ್ಯಾಪ್ ತೆರೆದಾಗ ಇಟ್ಟಿಗೆ ಬಣ್ಣದ ನೀರು ಕಂಡರೆ ಒಳಗೆ ತುಕ್ಕಿದೆ. ಆಯಿಲ್ ಕ್ಯಾಪಿನ ಒಳಬದಿಯಲ್ಲಿ ಹಾಲು ಕಾಫಿಯಂಥ ಕೆನೆ ಕಂಡರೆ ಆಯಿಲ್‌ಗೆ ನೀರು ಸೇರುತ್ತಿರಬಹುದು, ಪರಿಚಯದ ಮೆಕ್ಯಾನಿಕ್‌ಗೆ ತೋರಿಸದೆ ಅಡ್ವಾನ್ಸ್ ಕೊಡಬೇಡಿ. ದಾರಿಯಲ್ಲಿ ಬೇರೇನೂ ಸಿಗದಿದ್ದರೆ, ಎಂಜಿನ್ ತಣ್ಣಗಾದ ಮೇಲೆ, ಕುಡಿಯುವ ನೀರು ಹಾಕಿ ಗ್ಯಾರೇಜ್ ಮುಟ್ಟಬಹುದು. ಮುಟ್ಟಿದ ಮೇಲೆ ಅದನ್ನು ತೆಗೆಸಿ ಕೂಲಂಟ್ ತುಂಬಿಸಿ. ಹೊರತೆಗೆದ ಹಳೇ ಕೂಲಂಟ್ ಅಂಗಳದಲ್ಲಿ ಚೆಲ್ಲಬೇಡಿ. ಅದರ ರುಚಿ ಸಿಹಿ, ಆದರೆ ವಿಷ, ನಾಯಿ ನೆಕ್ಕಿದರೂ ಸಾಯುತ್ತದೆ.