ಯಾರ ತೆರಿಗೆ? ಯಾರ ಸಾಲ? ಯಾರ ಜಾತ್ರೆ?

ಹಾಸ್ಟೆಲ್ ಗೆಳೆಯರೇ,

"ನಮ್ಮ ಟ್ಯಾಕ್ಸ್ ದುಡ್ಡಲ್ಲಿ ತಿಂದ್ಕೊಂಡು ಓದೋರು ನೀವು." ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಕ್ಲಾಸಿನಲ್ಲಿ ಕೇಳಿದ್ದೇವೆ, ಕ್ಯಾಂಟೀನಿನಲ್ಲಿ ಕೇಳಿದ್ದೇವೆ, ಬಸ್ಸಿನಲ್ಲಿ ಕೇಳಿದ್ದೇವೆ. ಇದಕ್ಕೆ ಜಗಳ ಬೇಡ. ಲೆಕ್ಕ ಸಾಕು.

ಹಿನಕಲ್‌ನಲ್ಲಿ ಹುಣಸೂರು ರಸ್ತೆಗೆ ರಿಂಗ್ ರೋಡು ಕೂಡುವ ಕಡೆ ಯಾವುದಾದರೂ ಅಂಗಡಿ ಮುಂದೆ ನಿಂತು ನೋಡಿ. ಗಾರೆ ಕೆಲಸ ಮುಗಿಸಿ ಬಂದ ಅಕ್ಕ ಸೋಪು ಕೊಳ್ಳುತ್ತಾಳೆ. ಆ ಸೋಪಿನ ಬೆಲೆಯೊಳಗೇ ತೆರಿಗೆ ಕೂತಿದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗಿನಿಂದ 2025ರ ಸೆಪ್ಟೆಂಬರ್‌ವರೆಗೆ ಮೈಸೋಪಿಗೆ ನೂರಕ್ಕೆ 18 ರೂಪಾಯಿ ತೆರಿಗೆ. ನಮ್ಮ ನೋಟ್‌ಪುಸ್ತಕಕ್ಕೆ 12. ಚಿನ್ನಕ್ಕೆ? ಬರೀ 3! ಮೈ ತೊಳೆಯೋರ ಮೇಲೆ 18, ಮೈಮೇಲೆ ಹೇರಿಕೊಳ್ಳೋರ ಮೇಲೆ 3. ಈಗ ಸೋಪು 5ಕ್ಕೆ ಇಳಿದಿದೆ, ನೋಟ್‌ಪುಸ್ತಕದ ತೆರಿಗೆ ಹೋಗಿದೆ. ಸಂತೋಷ. ಆದರೆ ಎಂಟು ವರ್ಷ ವಸೂಲಿ ಮಾಡಿದ್ದನ್ನು ಯಾರೂ ವಾಪಸ್ ಕೊಟ್ಟಿಲ್ಲ. ಮೊಬೈಲ್ ರೀಚಾರ್ಜಿಗೆ ಇನ್ನೂ 18 ಕಟ್ಟುತ್ತಲೇ ಇದ್ದೇವೆ.

2025ರ ಬಜೆಟ್ ಪ್ರಕಾರ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗೆ ಸಂಪಾದಿಸುವವನು ಆದಾಯ ತೆರಿಗೆ ಕಟ್ಟಬೇಕಿಲ್ಲ. ಹತ್ತು ರೂಪಾಯಿ ಸೋಪು ಕೊಳ್ಳುವವಳಿಗೆ ಮಾತ್ರ ವಿನಾಯಿತಿ ಇಲ್ಲ. ಆಮೇಲೆ ಅವಳ ಮಗನಿಗೇ "ನೀನು ಟ್ಯಾಕ್ಸ್ ಕಟ್ಟಲ್ಲ" ಅಂತಾರೆ!

ಉಳ್ಳವರ ಲೆಕ್ಕವನ್ನೂ ನೋಡೋಣ. ಸತ್ತವರ ಆಸ್ತಿ ಮೇಲಿನ ತೆರಿಗೆಯನ್ನು 1985ರಲ್ಲಿ ತೆಗೆದರು. ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್‌ನಲ್ಲಿ ತೆಗೆದರು. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿದರು. ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಎಂದು ಹೇಳಿದ್ದು ಸರ್ಕಾರವೇ. ಮರುವರ್ಷ, 2020ರ ಡಿಸೆಂಬರ್‌ನಲ್ಲಿ, ದೇಶದ ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ಸ್ಕಾಲರ್‌ಷಿಪ್ಪಿಗೆ ಕೇಂದ್ರದ ಪಾಲು ಎಂದು ಗೊತ್ತು ಮಾಡಿದ್ದೆಷ್ಟು? ಐದು ವರ್ಷಕ್ಕೆ 35,534 ಕೋಟಿ. ಕಂಪನಿಗಳಿಗೆ ಒಂದೇ ವರ್ಷ ಬಿಟ್ಟದ್ದರ ಕಾಲು ಭಾಗಕ್ಕೂ ಇದು ಸಮವಿಲ್ಲ. ಹಾಗಾದರೆ ಯಾರ ದುಡ್ಡಲ್ಲಿ ಯಾರು ತಿನ್ನುತ್ತಿದ್ದಾರೆ?

ಇನ್ನು ಸಾಲ. 2025-26ರ ಕೇಂದ್ರ ಬಜೆಟ್‌ನಲ್ಲಿ ಬರುವ ಪ್ರತಿ ರೂಪಾಯಿಯಲ್ಲಿ 24 ಪೈಸೆ ಸಾಲ. ಹೋಗುವ ಪ್ರತಿ ರೂಪಾಯಿಯಲ್ಲಿ 20 ಪೈಸೆ ಬಡ್ಡಿ. ಕರ್ನಾಟಕದ ಒಟ್ಟು ಹೊಣೆ ಅದೇ ವರ್ಷದ ಬಜೆಟ್ ಪ್ರಕಾರ 7.64 ಲಕ್ಷ ಕೋಟಿ. ತಲೆಗೆ ಒಂದು ಲಕ್ಷ ದಾಟುತ್ತದೆ. ಸಾಲ ಅಂದರೇನು ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಅಜ್ಜ ತಂದ ಸಾಲಕ್ಕೆ ಮೊಮ್ಮಗ ಜೀತ ಇದ್ದ ಜನ ನಾವು. 1976ರಲ್ಲಿ ಕಾನೂನು ಜೀತವನ್ನು ರದ್ದು ಮಾಡಿತು. ಸಾಲ ತಂದು ಶಾಲೆ, ಆಸ್ಪತ್ರೆ, ನೀರಾವರಿ ಮಾಡಿದರೆ ಅದು ಬಿತ್ತನೆ. ಅದಕ್ಕೆ ನಮ್ಮ ತಕರಾರಿಲ್ಲ. ಒಂದು ಕೈಯಲ್ಲಿ ಉಳ್ಳವರ ತೆರಿಗೆ ಬಿಟ್ಟು, ಇನ್ನೊಂದು ಕೈಯಲ್ಲಿ ಸಾಲ ತಂದು, ಬಡ್ಡಿಯನ್ನು ಸೋಪಿನ ಮೇಲೆ ಹಾಕಿದರೆ ಅದು ಹೊಸ ಜೀತ. 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆ ಮುಗಿದಾಗಲೂ ಅದರ ಸಾಲವನ್ನು ಈ ದೇಶದ ಬೊಕ್ಕಸದ ಮೇಲೆ ಹೊರಿಸಿದರು. ಜನ ಕೇಳಿ ತಂದ ಸಾಲವೇ ಅದು?

ದೆಹಲಿಯನ್ನು ಬೈದು ಬೆಂಗಳೂರನ್ನು ಬಿಡೋ ಪೈಕಿ ಅಲ್ಲ ನಾವು. ಕೇಂದ್ರ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು 15ನೇ ಹಣಕಾಸು ಆಯೋಗ ಶೇ. 4.713ರಿಂದ 3.647ಕ್ಕೆ ಇಳಿಸಿತು. ಸೆಸ್ಸು, ಸರ್‌ಚಾರ್ಜುಗಳಲ್ಲಂತೂ ರಾಜ್ಯಕ್ಕೆ ಪಾಲೇ ಇಲ್ಲ. ಇದು ಅನ್ಯಾಯವೇ. 2024ರ ಫೆಬ್ರವರಿ 7ರಂದು ಇಡೀ ಸರ್ಕಾರ ಜಂತರ್ ಮಂತರ್‌ನಲ್ಲಿ ಕೂತು "ನಮ್ಮ ತೆರಿಗೆ ನಮ್ಮ ಹಕ್ಕು" ಅಂತ ಕೂಗಿತು. ಸರಿ ಸ್ವಾಮಿ, ನಮ್ಮ ಹಕ್ಕು?

ಜನಸಂಖ್ಯೆಗೆ ತಕ್ಕ ಪಾಲು ನಮ್ಮ ಏಳಿಗೆಗೇ ಮೀಸಲಾಗಬೇಕೆಂದು 2013ರಲ್ಲಿ ಇದೇ ರಾಜ್ಯ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ತಂದಿತು. ಹಣವನ್ನು ಬೇರೆ ಕಾಮಗಾರಿಗೆ ತಿರುಗಿಸಲು ದಾರಿಯಾಗಿದ್ದ 7(ಡಿ) ಕಲಮನ್ನು 2023ರಲ್ಲಿ ಕಿತ್ತರು. ಬಾಗಿಲು ಮುಚ್ಚಿ ಕಿಟಕಿ ತೆರೆದರು. ಅದೇ ನಿಧಿಯಿಂದ ಗ್ಯಾರಂಟಿಗಳಿಗೆ 2023-24ರಲ್ಲಿ 11,144 ಕೋಟಿ, 2024-25ರಲ್ಲಿ 14,282 ಕೋಟಿ ತೋರಿಸಿದರು. "ಆ ದುಡ್ಡು ನಿಮ್ಮ ಜನಕ್ಕೇ ಹೋಗ್ತದಲ್ಲ" ಅನ್ನುತ್ತಾರೆ. ಗ್ಯಾರಂಟಿ ಬೇಡ ಅಂತ ನಾವು ಹೇಳುತ್ತಿಲ್ಲ. ನಮ್ಮ ಅವ್ವಂದಿರಿಗೂ ಅದು ಆಸರೆ. ಆದರೆ ಮೇಲ್ಜಾತಿಯ ಬಡತಾಯಿಗೆ 2,000 ಸಾಮಾನ್ಯ ಖಜಾನೆಯಿಂದ, ನಮ್ಮ ತಾಯಿಗೆ ಮಾತ್ರ ನಮ್ಮ ಹಾಸ್ಟೆಲಿನ, ನಮ್ಮ ಭೂಮಿಯ, ನಮ್ಮ ಸ್ಕಾಲರ್‌ಷಿಪ್ಪಿನ ದುಡ್ಡಿನಿಂದ ಯಾಕೆ? ಎಲ್ಲರಿಗೂ ಕೊಡೋದನ್ನು ಎಲ್ಲರ ದುಡ್ಡಲ್ಲಿ ಕೊಡಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಮಾಡಬೇಡಿ!

ಗೆಳೆಯರೇ, ಬಾಬಾಸಾಹೇಬರು 1915ರಲ್ಲಿ ಕೊಲಂಬಿಯಾದಲ್ಲಿ ಬರೆದ ಎಂ.ಎ. ಪ್ರಬಂಧ ಕಂಪನಿ ಸರ್ಕಾರದ ಹಣಕಾಸಿನ ಮೇಲೆ. 1923ರ ಪುಸ್ತಕ ರೂಪಾಯಿಯ ಸಮಸ್ಯೆ ಮೇಲೆ. 1925ರದ್ದು ಪ್ರಾಂತ್ಯಗಳ ಹಣಕಾಸಿನ ಮೇಲೆ. ನಾವು ಅವರ ಫೋಟೋಗೆ ಹಾರ ಹಾಕಿದರೆ ಸಾಲದು. ಅವರು ಓದಿದ ಹಾಗೆ ಖಜಾನೆಯನ್ನು ಓದಬೇಕು.

ಹಿನಕಲ್‌ನಿಂದಲೇ ಶುರು ಮಾಡೋಣ. ಇಲ್ಲಿ ಪಂಚಾಯಿತಿ ಹೋಗಿ ನಗರಾಡಳಿತ ಬಂದಿದೆ. ಬೋರ್ಡು ಏನೇ ಇರಲಿ, ನಗರದ ಸ್ಥಳೀಯ ಸಂಸ್ಥೆ ತನ್ನ ನಿಧಿಯಲ್ಲಿ ಶೇ. 24.10ನ್ನು ಪರಿಶಿಷ್ಟರ ಕೆಲಸಕ್ಕೆ ಇಡಬೇಕು. ಎಷ್ಟು ಇಟ್ಟರು, ಯಾವ ಬೀದಿಗೆ ಹೋಯ್ತು? 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹತ್ತು ರೂಪಾಯಿಗೆ ಒಂದು ಅರ್ಜಿ. ಒಬ್ಬ ಬರೆದರೆ ಮೂಲೆಗೆ ಬೀಳುತ್ತದೆ. ಹಾಸ್ಟೆಲಿಗೆ ಹಾಸ್ಟೆಲೇ ಬರೆದರೆ ಕುರ್ಚಿ ಅಲ್ಲಾಡುತ್ತದೆ.

ಇನ್ನು ಯಾರಾದರೂ "ನಮ್ಮ ಟ್ಯಾಕ್ಸ್ ದುಡ್ಡು" ಅಂದರೆ ತಲೆ ಎತ್ತಿ ಹೇಳಿ: ಅದರಲ್ಲಿ ನಮ್ಮವ್ವನ ಬೆವರೂ ಇದೆ. ಲೆಕ್ಕ ಕೊಡಿ!

ಜೈಭೀಮ್.