ಮಾತ್ರೆಯ ಬೆಲೆಯೂ ದಾಸೋಹದ ವಿಷಯವೇ

ಅನ್ನದಾಸೋಹ, ಜ್ಞಾನದಾಸೋಹ ನಮ್ಮ ಮಠಗಳಿಗೆ ಹೊಸದಲ್ಲ. ಔಷಧದ ಮಾತು ಬಂದರೆ ಮಾತ್ರ ವರ್ಷಕ್ಕೊಂದು ಉಚಿತ ತಪಾಸಣಾ ಶಿಬಿರಕ್ಕೆ ನಿಂತುಬಿಡುತ್ತೇವೆ. ಶಿಬಿರದಲ್ಲಿ ರಕ್ತದೊತ್ತಡ ಪತ್ತೆಯಾಗುತ್ತದೆ, ಒಂದು ವಾರದ ಮಾತ್ರೆ ಸಿಗುತ್ತದೆ. ಎಂಟನೆಯ ದಿನದಿಂದ ಬದುಕಿರುವವರೆಗೆ ಕೊಳ್ಳಬೇಕಾದವರು ರೋಗಿಗಳೇ.

ಬೆಳ್ತಂಗಡಿ ತಾಲ್ಲೂಕಿನ ನಮ್ಮ ಕೊಕ್ಕಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೇರು ತೋಟಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಡೆಯಿತು. ಮಾಸಾಶನ, ಪಾಲನಾ ಕೇಂದ್ರ ಬಂದವು. ಆದರೂ ಮೂರ್ಛೆರೋಗದ ಮಗುವಿರುವ ಮನೆಗೆ ಮಾತ್ರೆ ಒಂದು ದಿನವೂ ತಪ್ಪುವಂತಿಲ್ಲ.

ಬೆಲೆ ಏಕೆ ಹೆಚ್ಚು? ಲೋಕೋಪಯೋಗಿ ಕೆಲಸಗಳಲ್ಲಿ ನಾವು ದರ ಕಟ್ಟುವಾಗ ಸಾಮಗ್ರಿ, ಕೂಲಿ, ಗುತ್ತಿಗೆದಾರರ ಲಾಭ ಎಂದು ಲೆಕ್ಕ ಹಾಕುತ್ತೇವೆ. 1995ರ ಔಷಧ ಬೆಲೆ ನಿಯಂತ್ರಣ ಆದೇಶವೂ ಹೆಚ್ಚುಕಡಿಮೆ ಹಾಗೆ ತಯಾರಿಕಾ ವೆಚ್ಚವನ್ನೇ ನೋಡುತ್ತಿತ್ತು. 2013ರ ಆದೇಶ ಅದನ್ನು ಕೈಬಿಟ್ಟಿತು. ಈಗ ಅಗತ್ಯ ಔಷಧಗಳಿಗೆ, ಮಾರುಕಟ್ಟೆಯಲ್ಲಿ ಶೇ. 1ಕ್ಕಿಂತ ಕಡಿಮೆಯಿಲ್ಲದ ಪಾಲಿರುವ ಬ್ರ್ಯಾಂಡ್‌ಗಳ ಬೆಲೆಯ ಸರಾಸರಿ ತೆಗೆದು, ಅಂಗಡಿಯವರ ಶೇ. 16 ಸೇರಿಸಿ ಗರಿಷ್ಠ ಬೆಲೆ ಕಟ್ಟುತ್ತಾರೆ. ಉದಾಹರಣೆಗೆ ಒಂದೇ ಮಾತ್ರೆ 2, 6, 10 ರೂಪಾಯಿಗೆ ಮಾರಾಟವಾಗುತ್ತಿದ್ದರೆ ಸರಾಸರಿ 6, ಮಿತಿ 6.96 ರೂಪಾಯಿ. 2 ರೂಪಾಯಿಗೆ ಮಾರಿ ಲಾಭ ಮಾಡುವವರು ಕಣ್ಣೆದುರಿಗಿದ್ದರೂ ಮಿತಿ ಅದರ ಮೂರೂವರೆ ಪಟ್ಟು! ಇಂತಹ ದರಪಟ್ಟಿಯನ್ನು ಯಾವ ಮೇಲಧಿಕಾರಿಯೂ ನನ್ನಿಂದ ಒಪ್ಪುತ್ತಿರಲಿಲ್ಲ.

ಇನ್ನೊಂದು ಬೀಗ ವೈದ್ಯರ ಚೀಟಿಯಲ್ಲಿದೆ. ಅವರು ಬ್ರ್ಯಾಂಡ್ ಹೆಸರು ಬರೆದರೆ ಅಂಗಡಿಯವರು ಅದೇ ಔಷಧದ ಅಗ್ಗದ ಮಾತ್ರೆಯನ್ನು ತಾವಾಗಿ ಬದಲಿಸಿ ಕೊಡಲು ಕಾನೂನು ಬಿಡುವುದಿಲ್ಲ. ಮೂಲ ಹೆಸರನ್ನೇ ಬರೆಯಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ನಿಯಮ ತಂದು, ಅದೇ ಆಗಸ್ಟ್‌ನಲ್ಲಿ ತಡೆಹಿಡಿಯಿತು.

ಅಗ್ಗದ್ದೆಂದರೆ ಕಳಪೆ ಎಂಬ ಭಯ ನಮ್ಮಲ್ಲಿ ಗಟ್ಟಿಯಾಗಿದೆ. ಪಟ್ಟಿಯ ಹಿಂದೆ 'ಐ.ಪಿ.' ಎಂದಿದ್ದರೆ ಅದು ಭಾರತೀಯ ಔಷಧಕೋಶದ ಮಾನದಂಡ. ಬ್ರ್ಯಾಂಡಿಗೂ ಜನೌಷಧಿಗೂ ಅದು ಒಂದೇ. ಸಿಮೆಂಟಿಗೆ ಐ.ಎಸ್.ಐ. ಇದ್ದಂತೆ. ಜನೌಷಧಿಯ ಪ್ರತಿ ತಂಡದ ಮಾದರಿಯೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಬೇಕು. ಆದರೆ ಮೂರ್ಛೆರೋಗಕ್ಕೆ ಒಂದು ಮಾತು ಬೇರೆ. ಫೆನಿಟಾಯಿನ್‌ನಂತಹ ಮಾತ್ರೆಯಲ್ಲಿ ರಕ್ತದ ಪ್ರಮಾಣ ಸ್ವಲ್ಪ ಹೆಚ್ಚುಕಡಿಮೆಯಾದರೂ ತೊಂದರೆ. ತಯಾರಕರನ್ನು ಬದಲಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು, ಬದಲಿಸಿದ ಮೇಲೆ ತಿಂಗಳಿಗೊಂದು ಕಂಪನಿ ಎಂದು ಅಲೆಯಬಾರದು. ಸಕ್ಕರೆ, ರಕ್ತದೊತ್ತಡದ ಸಾಮಾನ್ಯ ಮಾತ್ರೆಗಳಿಗೆ ಇಷ್ಟು ಅಳುಕು ಬೇಡ.

ಸರ್ಕಾರಿ ಆಸ್ಪತ್ರೆಗಳ ಆವರಣದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ಆದೇಶಿಸಿತು. ಉಚಿತವಾಗಿ ಔಷಧ ಕೊಡುವಲ್ಲಿ ಮಾರಾಟವೇಕೆ ಎಂಬುದು ವಾದ. ಉಚಿತ ಔಷಧ ಎಲ್ಲ ದಿನವೂ ಸಿಗುವುದಾದರೆ ವಾದ ಸರಿಯೇ. ಸಿಗದ ದಿನ ಬಡವರು ಎಲ್ಲಿಗೆ ಹೋಗಬೇಕು?

ಟ್ರಸ್ಟ್‌ಗಳೂ ಜನೌಷಧಿ ಕೇಂದ್ರಕ್ಕೆ ಅರ್ಜಿ ಹಾಕಬಹುದು. 120 ಚದರ ಅಡಿ ಜಾಗ, ಒಬ್ಬ ನೋಂದಾಯಿತ ಫಾರ್ಮಾಸಿಸ್ಟ್ ಇದ್ದರೆ ಸಾಕು. ಮಾರಾಟದ ಮೇಲೆ ಶೇ. 20ರ ಕಮಿಷನ್ ಇದೆ. ಸುತ್ತೂರು ಮಠದ ಸಂಸ್ಥೆಗೆ ಮೈಸೂರಿನಲ್ಲಿ ಫಾರ್ಮಸಿ ಕಾಲೇಜೇ ಇದೆ; ಅಂತಹ ಕಡೆ ಓದಿದ ಮಕ್ಕಳಿಗೆ ಇದು ಕಾಯಕವೂ ಆಗುತ್ತದೆ. ಮಠದ ಬೀದಿಯಲ್ಲಿ ಬಾಡಿಗೆಗೆ ಕೊಟ್ಟ ಮಳಿಗೆಗಳಲ್ಲಿ ಒಂದನ್ನು ಇದಕ್ಕೆ ಬಿಡಿ ಎಂದು ಪೂಜ್ಯರನ್ನು ಕೇಳುವ ಕೆಲಸ, ಮುಂದಿನ ಬಸವ ಜಯಂತಿಯ ಸಿದ್ಧತಾ ಸಭೆಯಲ್ಲಿ ಭಕ್ತರಾದ ನಮ್ಮದು.