ಆಟದ ಬಯಲು ಎಲ್ಲ ಮಕ್ಕಳದೂ ಆಗಲಿ

ಹೊಸೂರಿನ ಹೆಸರು ಹೊರಗಿನವರಿಗೆ ಗೊತ್ತಾಗುವುದು ಗುಲಾಬಿಯಿಂದ, ಕಾರ್ಖಾನೆಗಳಿಂದ, ಇಲ್ಲವೇ ಹೆದ್ದಾರಿಯ ವಾಹನದಟ್ಟಣೆಯಿಂದ. 2024ರ ಸೆಪ್ಟೆಂಬರ್ 2ರಂದು ಆ ಹೆಸರು ಬೇರೊಂದು ಕಾರಣಕ್ಕೆ ದೇಶಕ್ಕೆಲ್ಲ ಕೇಳಿಸಿತು. ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಹೊಸೂರಿನ ನಿತ್ಯಶ್ರೀ ಶಿವನ್, ಕುಬ್ಜ ದೇಹದವರ ಬ್ಯಾಡ್ಮಿಂಟನ್ ಸಿಂಗಲ್ಸ್‌ನಲ್ಲಿ ಇಂಡೊನೇಷ್ಯಾದ ರಿನಾ ಮರ್ಲಿನಾ ಅವರನ್ನು 21-14, 21-6ರಿಂದ ಮಣಿಸಿ ಕಂಚಿನ ಪದಕ ಗೆದ್ದರು. ಆಗ ಅವರಿಗೆ 19 ವರ್ಷ. ತಮಿಳುನಾಡು ಸರ್ಕಾರ ಒಂದು ಕೋಟಿ ರೂಪಾಯಿ ಕೊಟ್ಟಿತು. ಆಮೇಲೆ ಅರ್ಜುನ ಪ್ರಶಸ್ತಿಯೂ ಬಂತು. ನಮ್ಮೂರ ಹುಡುಗಿ ಅಂತ ನಾವೆಲ್ಲ ಎದೆಯುಬ್ಬಿಸಿ ಹೇಳಿಕೊಂಡೆವು. ಹೇಳಿಕೊಳ್ಳಬೇಕಾದದ್ದೇ.

ಆದರೆ ಈ ಗೆಲುವಿನ ಹಿಂದಿನ ಒಂದು ಸಂಗತಿಯನ್ನು ನಾವು ಗಮನಿಸಿದ ಹಾಗೆ ಕಾಣುವುದಿಲ್ಲ. ಪ್ಯಾರಾಲಿಂಪಿಕ್ಸ್‌ಗೆ ಬ್ಯಾಡ್ಮಿಂಟನ್ ಮೊದಲು ಬಂದದ್ದೇ 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. ಆಗ ಕುಬ್ಜ ದೇಹದ ಗಂಡಸರಿಗೆ ಸಿಂಗಲ್ಸ್ ಇತ್ತು, ಹೆಂಗಸರಿಗೆ ಇರಲಿಲ್ಲ. ಆ ಸ್ಪರ್ಧೆ ಪಟ್ಟಿಗೆ ಸೇರಿದ್ದು ಪ್ಯಾರಿಸ್‌ನಲ್ಲಿ. ಸೇರಿದ ಮೊದಲ ಸಲವೇ ನಮ್ಮ ಊರಿಗೆ ಪದಕ ಬಂತು. ಅಂದರೆ ಮೊದಲು ಬಾಗಿಲು ತೆರೆಯಿತು, ಆಮೇಲೆ ಹುಡುಗಿ ಒಳಗೆ ಹೋದಳು. ಬಾಗಿಲೇ ಇಲ್ಲದಿದ್ದರೆ ಎಷ್ಟೇ ಕಸುವಿದ್ದರೂ ಏನು ಮಾಡಲಾಗುತ್ತಿತ್ತು?

ಕಾನೂನಿನ ಕಥೆಯೂ ಹೀಗೇ. 1995ರ ಅಂಗವಿಕಲರ ಕಾಯ್ದೆ ಏಳೇ ಬಗೆಯ ವೈಕಲ್ಯವನ್ನು ಹೆಸರಿಸಿತ್ತು. ಕುಬ್ಜತೆ ಅದರಲ್ಲಿ ಇರಲಿಲ್ಲ. 2016ರಲ್ಲಿ ಬಂದ ಹೊಸ ಕಾಯ್ದೆ ಆ ಪಟ್ಟಿಯನ್ನು 21ಕ್ಕೆ ಏರಿಸಿತು, ಕುಬ್ಜತೆಯನ್ನೂ ಸೇರಿಸಿತು. 2017ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಈ ಕಾಯ್ದೆಯ 30ನೇ ಕಲಂ ಆಟಕ್ಕೇ ಮೀಸಲು. ಅಂಗವಿಕಲರಿಗೆ ಆಟದಲ್ಲಿ ಪಾಲ್ಗೊಳ್ಳುವ ಹಕ್ಕಿದೆ, ಕ್ರೀಡಾ ಸಂಸ್ಥೆಗಳು ಅದನ್ನು ಮನ್ನಿಸಬೇಕು, ಅವರಿಗೆ ಒಗ್ಗುವಂತೆ ಕ್ರೀಡಾಂಗಣ ಮಾರ್ಪಡಿಸಬೇಕು, ಹಣ ತೆಗೆದಿಡಬೇಕು, ಸ್ಪರ್ಧೆ ನಡೆಸಬೇಕು ಎನ್ನುತ್ತದೆ ಅದು. ಇದು ದಯೆ ದಾಕ್ಷಿಣ್ಯದ ಮಾತಲ್ಲ. ಪಹಣಿಯಲ್ಲಿ ಹೆಸರಿದ್ದ ಹಾಗೆ, ಹಕ್ಕಿನ ಮಾತು.

ಬಾಗಿಲು ತೆರೆದರೆ ಏನಾಗುತ್ತದೆ ಎಂಬುದಕ್ಕೆ ದೇಶದ ಲೆಕ್ಕವೇ ಸಾಕ್ಷಿ. 1968ರಲ್ಲಿ ಭಾರತ ಮೊದಲ ಸಲ ಪ್ಯಾರಾಲಿಂಪಿಕ್ಸ್‌ಗೆ ಹೋಯಿತು. ಅಂದಿನಿಂದ 2016ರ ರಿಯೊ ಕೂಟದವರೆಗೆ, ಸುಮಾರು ಅರ್ಧ ಶತಮಾನದಲ್ಲಿ, ಬಂದದ್ದು ಒಟ್ಟು 12 ಪದಕ. ಟೋಕಿಯೊ ಒಂದರಲ್ಲೇ 19. ಪ್ಯಾರಿಸ್‌ನಲ್ಲಿ 29. ಮಕ್ಕಳು ಇದ್ದಕ್ಕಿದ್ದ ಹಾಗೆ ಗಟ್ಟಿಗರಾದರೆ? ಇಲ್ಲ. ತರಬೇತಿ, ಪ್ರಯಾಣದ ಖರ್ಚು, ಸ್ಪರ್ಧೆ ಇವೆಲ್ಲ ಸ್ವಲ್ಪವಾದರೂ ಸಿಗತೊಡಗಿದವು, ಅಷ್ಟೆ. ನೀರು ಬಿಟ್ಟ ಗದ್ದೆ ಹಸಿರಾಯಿತು.

ಇನ್ನು ನಮ್ಮ ಕಡೆಗೆ ಬರೋಣ. ಡೆಂಕಣಿಕೋಟೆ, ತಳಿ, ಅಂಚೆಟ್ಟಿ, ಬಾಗಲೂರು, ಬೇರಿಗೆ, ಕೆಲಮಂಗಲ, ರಾಯಕೋಟೆ ಸುತ್ತಿನ ಹಳ್ಳಿಗಳಲ್ಲಿ ಈ ನೀರು ಎಷ್ಟು ಹರಿದಿದೆ? 2011ರ ಜನಗಣತಿ ಪ್ರಕಾರ ದೇಶದಲ್ಲಿ ಅಂಗವಿಕಲರು 2.68 ಕೋಟಿ, ಅಂದರೆ ನೂರಕ್ಕೆ ಇಬ್ಬರಿಗಿಂತ ಸ್ವಲ್ಪ ಹೆಚ್ಚು. ಆ ಲೆಕ್ಕ ಹಿಡಿದರೆ ಸಾವಿರ ಜನರ ಊರಿನಲ್ಲಿ ಇಪ್ಪತ್ತು ಮಂದಿಯಾದರೂ ಇರಬೇಕು. ನಮ್ಮ ಸಂತೆಯಲ್ಲಿ, ಜಾತ್ರೆಯಲ್ಲಿ, ಶಾಲೆಯ ಆಟದ ಬಯಲಿನಲ್ಲಿ ಅವರಲ್ಲಿ ಎಷ್ಟು ಜನ ಕಣ್ಣಿಗೆ ಬೀಳುತ್ತಾರೆ? ಬಹಳಷ್ಟು ಮಂದಿ ಮನೆಯೊಳಗೇ ಇದ್ದಾರೆ. ಶಾಲೆಗೆ ಬಂದವರ ಪಾಡು ಇನ್ನೊಂದು ಬಗೆ. ಕ್ರೀಡಾದಿನ ಬಂತೆಂದರೆ ಕಾಲು ಸರಿಯಿಲ್ಲದ ಹುಡುಗನಿಗೆ ಸಿಗುವ ಕೆಲಸ, ಮರದಡಿ ಕೂತು ಗೆಳೆಯರ ಚೀಲ, ಚಪ್ಪಲಿ ಕಾಯುವುದು. ಯಾರೂ ಕೆಟ್ಟ ಮನಸ್ಸಿನಿಂದ ಹಾಗೆ ಮಾಡುವುದಿಲ್ಲ, ನಿಜ. 'ಪಾಪ, ಬಿದ್ದುಬಿಟ್ಟಾನು' ಅಂತ ಮಾಡುತ್ತಾರೆ. ಆದರೆ ಆ 'ಪಾಪ' ಅನ್ನುವ ಮಾತೇ ಎಷ್ಟೋ ಮಕ್ಕಳನ್ನು ಬಯಲಿನಿಂದ ಆಚೆ ಇಟ್ಟಿದೆ.

ಮೇಷ್ಟ್ರೊಬ್ಬರು ಬೇರೆ ರೀತಿ ಯೋಚಿಸಿದರೆ ಏನಾಗಬಹುದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಊರುಗಳ ಮೇಲೇ ಹಾದುಹೋಗುವ ಸೇಲಂ ರಸ್ತೆಯನ್ನೇ ನೋಡಿ. ಸೇಲಂ ಜಿಲ್ಲೆಯ ಪೆರಿಯವಡಗಂಪಟ್ಟಿಯ ಮಾರಿಯಪ್ಪನ್ ತಂಗವೇಲು ಐದು ವರ್ಷದ ಹುಡುಗನಾಗಿದ್ದಾಗ ಬಸ್ಸು ಹರಿದು ಬಲಗಾಲು ಊನವಾಯಿತು. ತಾಯಿ ಇಟ್ಟಿಗೆ ಹೊತ್ತು, ತರಕಾರಿ ಮಾರಿ ಮಕ್ಕಳನ್ನು ಸಾಕಿದವರು. ಶಾಲೆಯ ಪಿ.ಟಿ. ಮೇಷ್ಟ್ರು ಹುಡುಗನನ್ನು ಚೀಲ ಕಾಯಲು ಕೂರಿಸಲಿಲ್ಲ, ಎತ್ತರ ಜಿಗಿತಕ್ಕೆ ಹುರಿದುಂಬಿಸಿದರು. 14ನೇ ವಯಸ್ಸಿನಲ್ಲಿ ಕೈಕಾಲು ನೆಟ್ಟಗಿದ್ದ ಹುಡುಗರ ಜೊತೆಗೇ ಜಿಗಿದು ಎರಡನೆಯವನಾದ. ಮುಂದೆ ಬೆಂಗಳೂರಿನ ಕೋಚ್ ಸತ್ಯನಾರಾಯಣ ಅವರ ಕಣ್ಣಿಗೆ ಬಿದ್ದು, ಅಲ್ಲೇ ತರಬೇತಿ ಪಡೆದ. 2016ರ ರಿಯೊದಲ್ಲಿ 1.89 ಮೀಟರ್ ಜಿಗಿದು ಚಿನ್ನ, ಟೋಕಿಯೊದಲ್ಲಿ ಬೆಳ್ಳಿ, ಪ್ಯಾರಿಸ್‌ನಲ್ಲಿ ಕಂಚು. ಸೇಲಂನ ಹುಡುಗ, ಬೆಂಗಳೂರಿನ ಗುರು, ನಡುವೆ ನಮ್ಮ ಕೃಷ್ಣಗಿರಿ, ಹೊಸೂರು. ಗಡಿ ಅನ್ನುವುದು ಇಲ್ಲಿ ಗೋಡೆಯಾಗಲಿಲ್ಲ, ದಾರಿಯಾಯಿತು.

ಕನ್ನಡನಾಡಿನ ಕಡೆಯೂ ಉದಾಹರಣೆಗಳಿಗೆ ಬರವಿಲ್ಲ. ಮಗುವಾಗಿದ್ದಾಗಲೇ ಜ್ವರದಿಂದ ಪಾರ್ಶ್ವವಾಯುವಿಗೆ ತುತ್ತಾದ ಬೆಂಗಳೂರಿನ ಮಾಲತಿ ಹೊಳ್ಳ ಅವರು ಗಾಲಿಕುರ್ಚಿಯಲ್ಲೇ ಕೂತು ಆಡಿ 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಪಡೆದರು. 2012ರ ಲಂಡನ್ ಕೂಟದಲ್ಲಿ ಭಾರತಕ್ಕೆ ಬಂದ ಒಂದೇ ಒಂದು ಪದಕ ಹಾಸನ ಜಿಲ್ಲೆಯ ಗಿರೀಶ್ ಅವರ ಎತ್ತರ ಜಿಗಿತದ ಬೆಳ್ಳಿ. ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ ಅಂಧರ ಕ್ರಿಕೆಟ್ ತಂಡದ ನಾಯಕರಾಗಿ ವಿಶ್ವಕಪ್ ತಂದರು. 2025ರ ನವೆಂಬರ್‌ನಲ್ಲಿ ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ಪನ್ನು ಕೊಲಂಬೊದಲ್ಲಿ ಎತ್ತಿ ಹಿಡಿದ ಭಾರತ ತಂಡದ ನಾಯಕಿ ದೀಪಿಕಾ ಟಿ.ಸಿ. ಆಂಧ್ರದ ಮಡಕಶಿರಾ ಕಡೆಯವರು, ಆಡುವುದು ಕರ್ನಾಟಕಕ್ಕೆ. ಅವರೂ ನಮ್ಮ ಹಾಗೆ ಗಡಿಯವರೇ.

'ಇದಕ್ಕೆಲ್ಲ ದುಬಾರಿ ಸಾಮಾನು ಬೇಕು, ನಮ್ಮ ಹಳ್ಳಿ ಶಾಲೆಗೆ ಎಲ್ಲಿಂದ ತರೋಣ' ಎನ್ನುವವರಿದ್ದಾರೆ. ಸ್ಪರ್ಧೆಯ ಗಾಲಿಕುರ್ಚಿಗೆ ದುಡ್ಡು ಬೇಕು, ಒಪ್ಪೋಣ. ಆದರೆ ಮೊದಲ ಹೆಜ್ಜೆಗೆ ಬೇಕಾದ್ದು ಸ್ವಲ್ಪ ಬುದ್ಧಿ, ಸ್ವಲ್ಪ ಮನಸ್ಸು. ಕಿವಿ ಕೇಳದ ಹುಡುಗ ಓಟದಲ್ಲಿ ಹಿಂದೆ ಬೀಳುವುದು ಕಾಲಿನ ದೋಷದಿಂದಲ್ಲ, ಸೀಟಿ ಕೇಳದೆ ತಡವಾಗಿ ಹೊರಡುವುದರಿಂದ. ಸೀಟಿಯ ಜೊತೆಗೆ ಒಂದು ಬಾವುಟ ಬೀಸಿದರೆ ಆಯಿತು. ಕಣ್ಣು ಕಾಣದ ಮಗುವಿನ ಕೈಗೂ ಜೊತೆಗಾರನ ಕೈಗೂ ಒಂದು ತುಂಡು ದಾರ ಕಟ್ಟಿದರೆ ಇಬ್ಬರೂ ಓಡುತ್ತಾರೆ; ದೊಡ್ಡ ಕೂಟಗಳಲ್ಲೂ ಮಾಡುವುದು ಅದನ್ನೇ. ಅಂಧರ ಕ್ರಿಕೆಟ್ಟಿನ ಚೆಂಡು ಒಳಗೆ ಗುಂಡುಗಳಿರುವ ಪ್ಲಾಸ್ಟಿಕ್ ಚೆಂಡು, ಉರುಳಿದರೆ ಸದ್ದು ಮಾಡುತ್ತದೆ. ಕೂತು ಆಡುವ ವಾಲಿಬಾಲ್‌ಗೆ ಬಲೆಯನ್ನು ಗಂಡಸರಿಗೆ 1.15 ಮೀಟರ್, ಹೆಂಗಸರಿಗೆ 1.05 ಮೀಟರ್ ಎತ್ತರಕ್ಕೆ ಇಳಿಸಿ ಕಟ್ಟಿದರೆ ಸಾಕು. ಕಾಲು ಸರಿಯಿದ್ದವರೂ ನೆಲಕ್ಕೆ ಕೂತು ಅದನ್ನು ಆಡಲಿ. ಕಷ್ಟ ಎಷ್ಟು, ಮೋಜು ಎಷ್ಟು ಅಂತ ಗೊತ್ತಾಗುತ್ತದೆ. ಎಲ್ಲರೂ ಕೂಡಿ ಆಡುವುದೆಂದರೆ ಇದೇ. ಬೇರೆ ದಿನ, ಬೇರೆ ಬಯಲು, ಬೇರೆ ಚಪ್ಪಾಳೆ ಅಲ್ಲ.

ಹಾಗಂತ ಎಲ್ಲರನ್ನೂ ಒಂದೇ ಕಣಕ್ಕೆ ಬಿಡಿ ಎಂದೂ ನಾವು ಹೇಳುತ್ತಿಲ್ಲ. ಕುಸ್ತಿಯಲ್ಲಿ ತೂಕ ನೋಡಿ ಜಟ್ಟಿಗಳನ್ನು ಜೋಡಿ ಮಾಡುವ ಹಾಗೆ ಇಲ್ಲಿಯೂ ವರ್ಗಗಳಿವೆ. ಯಾರ ದೇಹ ಆ ಆಟಕ್ಕೆ ಎಷ್ಟು ಸಹಕರಿಸುತ್ತದೆ ಎಂದು ಪರೀಕ್ಷಿಸಿ ವರ್ಗ ಗೊತ್ತುಮಾಡುತ್ತಾರೆ. ಬ್ಯಾಡ್ಮಿಂಟನ್ನಿನ ಒಂದು ವರ್ಗದಲ್ಲಿ ಅಂಕಣವನ್ನು ಅರ್ಧ ಮಾಡಿ ಸಿಂಗಲ್ಸ್ ಆಡಿಸುತ್ತಾರೆ. ನಿತ್ಯಶ್ರೀ ಆಡುವ ವರ್ಗದಲ್ಲಿ ಅಂಕಣವೂ ಪೂರ್ತಿ, ಬಲೆಯೂ ಎಲ್ಲರಿಗೆ ಇರುವಷ್ಟೇ ಎತ್ತರ. ಇದರಲ್ಲಿ ಯಾವ ರಿಯಾಯಿತಿ ಇದೆ, ನೀವೇ ಹೇಳಿ.

ಹೆತ್ತವರ ಅಂಜಿಕೆಯನ್ನೂ ನಾವು ಬಲ್ಲೆವು. 'ಹೊಲಕ್ಕೆ ನೀರು ಕಟ್ಟೋಕೇ ಜನ ಇಲ್ಲ, ಇವನನ್ನು ಆಟಕ್ಕೆ ಕರ್ಕೊಂಡು ಯಾರು ಹೋಗ್ತಾರೆ? ಲಕ್ಷಕ್ಕೊಬ್ಬರಿಗೆ ಪದಕ, ಮಿಕ್ಕವರಿಗೆ ಏನು?' ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಇಷ್ಟು: ಪದಕ ಬಾರದಿದ್ದರೂ ನಷ್ಟವಿಲ್ಲ. ಆಡಿದ ಮಗುವಿನ ಮೈ ಗಟ್ಟಿಯಾಗುತ್ತದೆ. ಒಬ್ಬನೇ ಬಸ್ಸು ಹತ್ತುವ ಧೈರ್ಯ ಬರುತ್ತದೆ. ನಾಲ್ಕು ಜನರ ಮುಂದೆ ಮಾತಾಡುವ ಬಾಯಿ ಬರುತ್ತದೆ. ನಾಳೆ ಅಂಗಡಿಯ ಗಲ್ಲಾದ ಮೇಲೆ ಕೂರುವವನಿಗೂ, ಮಂಡಿಯಲ್ಲಿ ಲೆಕ್ಕ ಬರೆಯುವವಳಿಗೂ ಬೇಕಾದ ಬಂಡವಾಳ ಇದೇ. ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಹೆಣ್ಣುಮಗುವಿಗೆ ಊನವಿದೆ ಅಂತ ಹೊರಗೆ ತಿಳಿದರೆ ಅಕ್ಕತಂಗಿಯರ ಸಂಬಂಧ ಕೂಡಿಬರುವುದಿಲ್ಲ ಎಂಬ ಹೆದರಿಕೆಯಿಂದ ಸರ್ಟಿಫಿಕೇಟನ್ನೂ ಮಾಡಿಸದೆ ಬಚ್ಚಿಡುವ ಮನೆಗಳಿವೆ. ಸರ್ಟಿಫಿಕೇಟಿಲ್ಲದ ಮಗುವಿಗೆ ಪಿಂಚಣಿಯೂ ಇಲ್ಲ, ಬಸ್ ಪಾಸೂ ಇಲ್ಲ, ಆಟವೂ ಇಲ್ಲ. ಮರ್ಯಾದೆ ಉಳಿಸಲು ಹೋಗಿ ಮಗುವಿನ ಬದುಕನ್ನೇ ಅಡ ಇಟ್ಟ ಹಾಗಾಗುತ್ತದೆ.

ಗಡಿಯವರಾದ ನಮಗೆ ಇನ್ನೊಂದು ತೊಡಕಿದೆ. ಮಗು ಕನ್ನಡ ಮಾಧ್ಯಮದಲ್ಲಿ ಓದುತ್ತದೆ, ಅರ್ಜಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಬೆಂಗಳೂರು ನಲವತ್ತು ಕಿಲೋಮೀಟರ್ ಹತ್ತಿರ, ಆದರೆ ಅಲ್ಲಿನ ಸರ್ಕಾರದ ಸವಲತ್ತು ನಮ್ಮದಲ್ಲ. ಅಲ್ಲಿಯೂ ಸಲ್ಲದೆ ಇಲ್ಲಿಯೂ ಸಲ್ಲದೆ ಮಗು ನಡುವೆ ಉಳಿದುಬಿಡಬಾರದು. ದಾರಿ ಹೀಗಿದೆ. ಮೊದಲು ಸರ್ಕಾರಿ ವೈದ್ಯರಿಂದ ಸರ್ಟಿಫಿಕೇಟು, ಜೊತೆಗೆ ಯುಡಿಐಡಿ ಕಾರ್ಡು. ಈ ಕಾರ್ಡು ದೇಶದಲ್ಲೆಲ್ಲ ನಡೆಯುತ್ತದೆ, ಗಡಿ ದಾಟಿದರೂ ಚಲಾವಣೆಯಿದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿದ್ದವರಿಗೆ ಕಾಯ್ದೆಯ ಹೆಚ್ಚಿನ ಸವಲತ್ತುಗಳು ಸಿಗುತ್ತವೆ. ಕೃಷ್ಣಗಿರಿಯಲ್ಲಿ ತಮಿಳಿನವರು 'ಮಾಟ್ರುತ್ತಿರನಾಳಿಗಳ್' ಎನ್ನುವ ಅಂಗವಿಕಲರ ಕಲ್ಯಾಣ ಕಚೇರಿಯಿದೆ, ಅಲ್ಲಿ ವಿಚಾರಿಸಬಹುದು. ಆಮೇಲೆ ಸ್ಪರ್ಧೆ. ತಮಿಳುನಾಡಿನ ಮುಖ್ಯಮಂತ್ರಿ ಟ್ರೋಫಿ ಪಂದ್ಯಗಳಲ್ಲಿ 2023ರಿಂದ ಶಾಲೆ, ಕಾಲೇಜು, ಸಾರ್ವಜನಿಕರು, ಸರ್ಕಾರಿ ನೌಕರರ ಜೊತೆಗೆ ಅಂಗವಿಕಲರಿಗೂ ಪ್ರತ್ಯೇಕ ವಿಭಾಗವಿದೆ. ಜಿಲ್ಲೆಯಲ್ಲಿ ಗೆದ್ದು ರಾಜ್ಯಮಟ್ಟಕ್ಕೆ ಹೋಗಬಹುದು. ಕೇಂದ್ರದ ಖೇಲೊ ಇಂಡಿಯಾ ಪ್ಯಾರಾ ಕ್ರೀಡಾಕೂಟ 2023ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಶುರುವಾಗಿ 2025ರಲ್ಲಿ ಎರಡನೇ ಸಲವೂ ನಡೆದಿದೆ. ಹೆಸರು ಇಲ್ಲಿ ನೋಂದಾಯಿಸಿ, ಒಳ್ಳೆಯ ಗುರು ಬೆಂಗಳೂರಿನಲ್ಲಿ ಸಿಕ್ಕರೆ ಅಲ್ಲಿ ಕಲಿಸಿ. ಎರಡು ಭಾಷೆ ಬಲ್ಲವರಿಗೆ ಎರಡು ಕಡೆಯ ಬಾಗಿಲೂ ತಟ್ಟಲು ಬರುತ್ತದೆ. ಅರ್ಜಿ ತುಂಬಲು ಬಾರದ ತಂದೆತಾಯಿಗೆ ಊರಿನ ಓದಿದ ಹುಡುಗರು, ಕನ್ನಡ ಶಾಲೆಯ ಮೇಷ್ಟ್ರುಗಳು ಕೈಹಿಡಿಯಲಿ.

ದುಡ್ಡಿನ ಮಾತೂ ಬೇಕಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ತೆಗೆದಿಡಬೇಕು. ಯಾವ ಯಾವ ಕೆಲಸಕ್ಕೆ ಎಂಬ ಪಟ್ಟಿಯಲ್ಲಿ ಗ್ರಾಮೀಣ ಆಟಗಳ ಜೊತೆಗೆ ಪ್ಯಾರಾಲಿಂಪಿಕ್ ಆಟಗಳ ತರಬೇತಿಯೂ ಸೇರಿದೆ. ಸಿಪ್ಕಾಟ್‌ನಲ್ಲಿ ಕಾರ್ಖಾನೆಗಳಿಗೆ ಕೊರತೆಯಿಲ್ಲ. ನಮ್ಮ ಜಿಲ್ಲೆಯ ಒಂದು ಬಯಲಿಗೆ ಇಳಿಜಾರು ದಾರಿ, ಬಳಸಲು ಬರುವಂಥ ಕಕ್ಕಸು, ನಾಲ್ಕು ಆಟದ ಗಾಲಿಕುರ್ಚಿ, ಹಳ್ಳಿಯಿಂದ ಮಕ್ಕಳನ್ನು ಕರೆತರಲು ಒಂದು ವ್ಯಾನು ಬೇಕೆಂದು ಪಂಚಾಯ್ತಿಯವರು, ವರ್ತಕರ ಸಂಘದವರು ಒಟ್ಟಾಗಿ ಹೋಗಿ ಕೇಳಬೇಕು. ಕೇಳದೆ ಕೊಡುವವರು ಅಪರೂಪ. ಮಂಡಿ ವ್ಯಾಪಾರಿಗಳು ವರ್ಷಕ್ಕೊಮ್ಮೆ ಕ್ರಿಕೆಟ್ ಟೂರ್ನಮೆಂಟಿಗೆ ಕಪ್ಪು ಕೊಡುತ್ತಾರೆ. ಅದರ ಜೊತೆಗೆ ಒಬ್ಬ ಅಂಗವಿಕಲ ಹುಡುಗನ, ಒಬ್ಬ ಹುಡುಗಿಯ ಪ್ರಯಾಣದ ಖರ್ಚನ್ನು ಹೊತ್ತರೆ ಅದು ಕಪ್ಪಿಗಿಂತ ದೊಡ್ಡ ಹೆಸರು ತರುತ್ತದೆ.

ಸನ್ಮಾನಕ್ಕೆ ನಾವು ಯಾವತ್ತೂ ಮುಂದು. ಗೆದ್ದು ಬಂದವರಿಗೆ ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ, ಫ್ಲೆಕ್ಸ್ ಕಟ್ಟುತ್ತೇವೆ. ತಪ್ಪಲ್ಲ. ಆದರೆ ಗೆಲ್ಲುವ ಮೊದಲು, ಯಾರೂ ನೋಡದೆ ಇದ್ದಾಗ, ಒಂದು ರ‍್ಯಾಕೆಟ್ಟು, ಒಂದು ಬಸ್ ಟಿಕೆಟ್ಟು, ಒಂದು ಒಳ್ಳೆಯ ಮಾತು ಕೊಟ್ಟವರೇ ನಿಜವಾದ ಸನ್ಮಾನ ಮಾಡಿದವರು. ಬಿತ್ತುವಾಗ ಕೈಜೋಡಿಸದವನು ಸುಗ್ಗಿಯಲ್ಲಿ ಪಾಲು ಕೇಳಿದರೆ ಯಾವ ರೈತ ಒಪ್ಪುತ್ತಾನೆ?

ಆದ್ದರಿಂದ ಗಡಿಭಾಗದ ಶಾಲೆಗಳಿಗೆ, ಪಂಚಾಯ್ತಿಗಳಿಗೆ, ಸಂಕ್ರಾಂತಿ ಹಬ್ಬಕ್ಕೆ ಆಟ ಇಡುವ ಯುವಕರ ಸಂಘಗಳಿಗೆ ನಮ್ಮ ಬೇಡಿಕೆ ಒಂದೇ, ಅದೂ ಚಿಕ್ಕದು. ಮುಂದಿನ ಸಲ ಆಟದ ಪಟ್ಟಿ ಬರೆಯುವಾಗ ಅಂಗವಿಕಲ ಮಕ್ಕಳು ಆಡುವ ಒಂದು ಸ್ಪರ್ಧೆಯನ್ನಾದರೂ ಅದೇ ಪಟ್ಟಿಯಲ್ಲಿ, ಅದೇ ದಿನ, ಅದೇ ಬಯಲಿನಲ್ಲಿ, ಅದೇ ಬಹುಮಾನದೊಂದಿಗೆ ಸೇರಿಸಿ. ಊರಿನಲ್ಲಿ ಅಂಥ ಮಕ್ಕಳು ಯಾರಿದ್ದಾರೆ ಎಂದು ಮನೆ ಮನೆಗೆ ಹೋಗಿ ಕರೆಯಿರಿ. ಮೊದಲ ವರ್ಷ ಇಬ್ಬರೇ ಬರಬಹುದು. ಆ ಇಬ್ಬರನ್ನು ನೋಡಿ ಮರುವರ್ಷ ಹತ್ತು ಮಂದಿ ಬರುತ್ತಾರೆ.